8 ಕೆಜಿ ಗಾಳಿ, ಕಾಲು ಕೆಜಿ ಎಂಜಿನ್

(1/8)
ಶನಿವಾರದ ವರ್ಕ್‌ಶಾಪ್ ಸರಣಿ, ಈ ಸಲ ಸ್ವಲ್ಪ ಉದ್ದ ಆಯ್ತು. ಒಂದು ಕ್ಯಾಪ್ಶನ್‌ನಲ್ಲಿ ಹಿಡಿಸ್ಲಿಲ್ಲ, ಎಂಟು ಪೋಸ್ಟ್ ಮಾಡಿದೀನಿ. ಪೂರ್ತಿ ಓದೋಕೆ ಟೈಮ್ ಇಲ್ಲದವರು ಎರಡು ಮತ್ತು ಮೂರನೇದನ್ನಾದ್ರೂ ಓದಿ.

ಹೊಸಬರಿಗೆ: ನಾನು ಬಿಕಾಂ ಓದ್ತಿದೀನಿ. ಶನಿವಾರ ಮಧ್ಯಾಹ್ನ ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿರೋ ನಮ್ಮ ಸೋದರಮಾವನ ಲೇತ್ ವರ್ಕ್‌ಶಾಪಿಗೆ ಹೋಗಿ ಬಿಲ್ಲು, ಜಿಎಸ್‌ಟಿ ಲೆಕ್ಕ ನೋಡ್ಕೋತೀನಿ. ಲೆಕ್ಕ ಮುಗಿದ ಮೇಲೆ ಮಾವನ ಹಿಂದೆ ಮುಂದೆ ಓಡಾಡಿ ಫೋಟೋ ತೆಗೀತೀನಿ. ಅದೇ ಈ ಸರಣಿ.

ಫೋಟೋದಲ್ಲಿರೋದು ಮಾವ ಕೈಯಾರೆ ಮಾಡಿದ ಸ್ಟೀಮ್ ಎಂಜಿನ್. ಪಕ್ಕದಲ್ಲಿರೋ ಬೆಂಕಿಪೊಟ್ಟಣ ಅಳತೆ ಗೊತ್ತಾಗ್ಲಿ ಅಂತ ಇಟ್ಟಿದ್ದು. ಸಿಲಿಂಡರಿನ ಒಳವ್ಯಾಸ 20 ಮಿಲಿಮೀಟರ್. ಹುಡುಗರಿದ್ದಾಗ ರೈಲ್ವೆ ಮ್ಯೂಸಿಯಂನಲ್ಲಿ ಎಂಜಿನ್ ಚಕ್ರದ ಪಕ್ಕ ನಿಂತು ಬಂದಾಗಿನಿಂದ ಮಾವನಿಗೆ ಈ ಹುಚ್ಚು. ಆರ್ಡರ್ ಕೆಲಸ ಮುಗಿದ ಮೇಲೆ, ರಾತ್ರಿ ಎಂಟರ ನಂತರ ಕೂತು ಎರಡು ವರ್ಷ ತಗೊಂಡಿದ್ದಾರೆ. ಹೆಸರಿಗೆ ಸ್ಟೀಮ್ ಎಂಜಿನ್, ಆದರೆ ಇವತ್ತಿನವರೆಗೆ ಅದರೊಳಗೆ ಒಂದು ಸಲಾನೂ ಹಬೆ ಹೋಗಿಲ್ಲ. ಓಡೋದು ಕಂಪ್ರೆಸರ್ ಗಾಳಿಯಲ್ಲಿ. ಇಂಥ ಮಾಡೆಲ್ ಮಾಡೋ ಬಹಳ ಜನ ಹಾಗೇ ಓಡಿಸ್ತಾರೆ, ಬಾಯ್ಲರ್ ಮಾಡೋದು ಬೇರೆಯದೇ ತಲೆನೋವು.

ನಾನು ಹೇಳ್ಬೇಕಾಗಿರೋದು ಇಷ್ಟು. ಮಾಡೆಲ್ ಎಂಜಿನ್ನಿಗೆ ಗಾಳಿ ಕೊಡುವಾಗ ವಾಲ್ವ್ ಸ್ವಲ್ಪ ಮಾತ್ರ ತೆರೆದು, "ಕಡಿಮೆ ಪ್ರೆಶರ್ ಕೊಟ್ಟಿದೀನಿ" ಅನ್ನೋದು ಸುಳ್ಳು ಲೆಕ್ಕ. ಅಲ್ಲಿ ಕಡಿಮೆಯಾಗಿರೋದು ಗಾಳಿಯ ಹರಿವು, ಪ್ರೆಶರ್ ಅಲ್ಲ. ಈ ವ್ಯತ್ಯಾಸ ನಮಗೆ ಪುಸ್ತಕ ಓದಿ ಗೊತ್ತಾಗ್ಲಿಲ್ಲ.

(2/8)
ಮೊದಲು ಅಳತೆ. ವರ್ಕ್‌ಶಾಪಿನಲ್ಲಿ "ಕೆಜಿ" ಅಂದ್ರೆ ಒಂದು ಚದರ ಸೆಂಟಿಮೀಟರಿನ ಮೇಲೆ ಇಷ್ಟು ಕೆಜಿ ಒತ್ತಡ ಅಂತ. ಪಂಕ್ಚರ್ ಅಂಗಡಿಯಲ್ಲಿ "ಮೂವತ್ತು ಹಾಕಿ" ಅಂತೀವಲ್ಲ, ಅದು ಪಿಎಸ್‌ಐ. 1 ಕೆಜಿ ಅಂದ್ರೆ ಸುಮಾರು 14.2 ಪಿಎಸ್‌ಐ. ಮಾವನ ಕಂಪ್ರೆಸರ್ 8 ಕೆಜಿಗೆ ನಿಲ್ಲುತ್ತೆ, 6ಕ್ಕೆ ಇಳಿದಾಗ ತಾನಾಗೇ ಶುರುವಾಗುತ್ತೆ. ಈ ಪುಟ್ಟ ಎಂಜಿನ್ನಿಗೆ ಬೇಕಾಗಿರೋದು ಕಾಲು ಕೆಜಿ, ಹೆಚ್ಚೆಂದ್ರೆ ಅರ್ಧ.

ಮಾವ ಏನು ಮಾಡಿದ್ರು? ಲೈನಿಗೊಂದು ಬಾಲ್ ವಾಲ್ವ್, ಅದರಿಂದ ಪಾರದರ್ಶಕ ಪಿವಿಸಿ ಪೈಪು, ಆ ಪೈಪಿನ ಇನ್ನೊಂದು ತುದಿ ಎಂಜಿನ್ನಿನ ಹಿತ್ತಾಳೆ ಮೂತಿಗೆ. ಕ್ಲಾಂಪ್ ಇಲ್ಲ, ಬರೀ ಒತ್ತಿ ಸಿಕ್ಕಿಸಿದ್ದು. ವಾಲ್ವಿನ ಹಿಡಿ ಕೂದಲೆಳೆಯಷ್ಟು ತಿರುಗಿಸಿದ್ರೆ ಎಂಜಿನ್ ಚಕಚಕ ಅಂತ ಓಡ್ತಿತ್ತು. ಎಷ್ಟೋ ಸಂಜೆ ಹಾಗೇ ಓಡಿದೆ. ಆ ವಿಡಿಯೋನ ನಾನೇ ಹಾಕಿ ಲೈಕ್ ತಗೊಂಡಿದೀನಿ, ಒಪ್ಕೋತೀನಿ.

ಒಂದು ಶನಿವಾರ ಶಾಫ್ಟ್ ತಗೊಂಡು ಹೋಗೋಕೆ ಬಂದ ಗಿರಾಕಿಯೊಬ್ಬರು ಎಂಜಿನ್ ನೋಡಿ ಖುಷಿಯಾದ್ರು. "ಇದಕ್ಕೆ ಶಕ್ತಿ ಇದ್ಯಾ ಸಾರ್?" ಅಂತ ತಮಾಷೆಗೆ ಫ್ಲೈವೀಲನ್ನ ಬೆರಳಲ್ಲಿ ಒತ್ತಿ ನಿಲ್ಲಿಸಿದ್ರು. ಎಂಜಿನ್ ನಿಂತಿತು. ಎರಡೋ ಮೂರೋ ಸೆಕೆಂಡ್ ಏನೂ ಆಗ್ಲಿಲ್ಲ. ಆಮೇಲೆ ಪಟ್ ಅಂತ ಸದ್ದು. ಪೈಪು ಮೂತಿಯಿಂದ ಕಿತ್ಕೊಂಡು ಹಾವಿನ ಹಾಗೆ ಎಗರಿ, ಪಕ್ಕದಲ್ಲಿ ಬಗ್ಗಿ ನೋಡ್ತಿದ್ದ ವರ್ಕ್‌ಶಾಪ್ ಹುಡುಗನ ಕೆನ್ನೆಗೆ ಬಡೀತು. ಕಣ್ಣಿನಿಂದ ಎರಡು ಬೆರಳು ಕೆಳಗೆ.

ಅವನಿಗೆ ಹತ್ತೊಂಬತ್ತು. ನನಗಿಂತ ಒಂದು ವರ್ಷ ಚಿಕ್ಕವನು. ಕಣ್ಣಿಗೆ ಏನೂ ಆಗಿಲ್ಲ, ಡಾಕ್ಟರ್ ನೋಡಿ ಹೇಳಿದ ಮೇಲೇನೇ ನಾವು ಉಸಿರು ಬಿಟ್ಟಿದ್ದು. ಕೆನ್ನೆ ಮೇಲೆ ಬರೆ ಒಂದು ವಾರ ಇತ್ತು. ಮಾವ ಅವತ್ತು ರಾತ್ರಿ ಊಟ ಮಾಡ್ಲಿಲ್ಲ ಅಂತ ಅತ್ತೆ ಹೇಳಿದ್ರು. ಎಂಜಿನ್ನಿಗೆ ಬಟ್ಟೆ ಮುಚ್ಚಿ ಕಪಾಟಿನೊಳಗೆ ಇಟ್ಟುಬಿಟ್ಟಿದ್ರು.

(3/8)
ಯಾಕೆ ಹಾಗಾಯ್ತು? ಮನೆಯಲ್ಲೇ ನೋಡಬಹುದು. ಗಿಡಕ್ಕೆ ನೀರು ಹಾಕೋ ಪೈಪು ತಗೊಳ್ಳಿ. ನಲ್ಲಿ ಸ್ವಲ್ಪವೇ ತಿರುಗಿಸಿ. ತುದಿಯಲ್ಲಿ ನೀರು ಸಣ್ಣಗೆ ಸುರಿಯುತ್ತೆ, ಅದರಲ್ಲಿ ಒತ್ತಡವೇ ಇಲ್ಲ ಅನ್ಸುತ್ತೆ. ಈಗ ಪೈಪಿನ ತುದಿಗೆ ಹೆಬ್ಬೆರಳು ಗಟ್ಟಿಯಾಗಿ ಒತ್ತಿ ಹಿಡ್ಕೊಳ್ಳಿ. ಸ್ವಲ್ಪ ಹೊತ್ತಿಗೆ ಬೆರಳು ತಳ್ಳೋಕೆ ಶುರುವಾಗುತ್ತೆ. ಮೇಲಿನ ಟ್ಯಾಂಕಿನ ಪೂರ್ತಿ ಒತ್ತಡ ಈಗ ನಿಮ್ಮ ಬೆರಳಿನ ಹಿಂದೆ ಇದೆ. ನಲ್ಲಿ ಎಷ್ಟು ತೆರೆದಿದೆ ಅನ್ನೋದು ಲೆಕ್ಕಕ್ಕೇ ಬರಲ್ಲ, ಪೂರ್ತಿ ಒತ್ತಡ ಬರೋಕೆ ಎಷ್ಟು ಹೊತ್ತು ಬೇಕು ಅನ್ನೋದಷ್ಟೇ ಬದಲಾಗುತ್ತೆ.

ಎಂಜಿನ್ ಓಡ್ತಿರುವಾಗ ಅದು ಗಾಳಿ ಕುಡೀತಾ ಇರುತ್ತೆ. ಸಣ್ಣ ಸಂದಿಯಲ್ಲಿ ನುಗ್ಗಿ ಬರುವಾಗ ಗಾಳಿಯ ಒತ್ತಡ ಬೀಳುತ್ತೆ, ಎಂಜಿನ್ನಿಗೆ ಸಿಗೋದು ಕಾಲು ಕೆಜಿ. ಎಂಜಿನ್ ನಿಂತ ಕ್ಷಣ ಕುಡಿಯೋರು ಯಾರೂ ಇಲ್ಲ. ಸಂದಿಯಿಂದ ಗಾಳಿ ಬರ್ತಾನೇ ಇರುತ್ತೆ, ಪೈಪಿನೊಳಗೆ ತುಂಬ್ತಾನೇ ಇರುತ್ತೆ, 8 ಕೆಜಿ ಆಗೋವರೆಗೆ.

ಅಂಕಿಯಲ್ಲಿ ಹೇಳ್ತೀನಿ, ಅದೊಂದೇ ನನಗೆ ಬರೋದು. 20 ಮಿಲಿಮೀಟರ್ ಪಿಸ್ಟನ್ನಿನ ಮುಖ ಸುಮಾರು 3.14 ಚದರ ಸೆಂಟಿಮೀಟರ್. 0.3 ಕೆಜಿ ಒತ್ತಡದಲ್ಲಿ ಅದರ ಮೇಲೆ ಬೀಳೋ ಭಾರ 0.94 ಕೆಜಿ, ಅಂದ್ರೆ ಒಂದು ಸಕ್ಕರೆ ಪ್ಯಾಕೆಟ್. 8 ಕೆಜಿಯಲ್ಲಿ 25 ಕೆಜಿ. ಒಂದು ಅಕ್ಕಿ ಮೂಟೆ! ಸಕ್ಕರೆ ಪ್ಯಾಕೆಟ್ ಹೊರೋಕೆ ಅಂತ ಮಾಡಿದ ಕ್ರ್ಯಾಂಕ್ ಪಿನ್ನಿನ ಮೇಲೆ ಅಕ್ಕಿ ಮೂಟೆ. ನಮ್ಮ ಪುಣ್ಯ, ಮೊದಲು ಸೋತಿದ್ದು ಪೈಪು.

ಹಾಗಾಗಿ ಈಗ ಯಾರಾದ್ರೂ ಮಾಡೆಲ್ ಎಂಜಿನ್ ವಿಡಿಯೋ ಹಾಕಿ "ಬರೀ 5 ಪಿಎಸ್‌ಐನಲ್ಲಿ ಓಡ್ತಿದೆ" ಅಂದ್ರೆ ನಾನು ಕೇಳೋದು ಒಂದೇ: ಚಕ್ರ ಹಿಡಿದು ನಿಲ್ಲಿಸಿದಾಗ ಮೀಟರಿನಲ್ಲಿ ಎಷ್ಟು ಬರುತ್ತೆ? ಅದು ಗೊತ್ತಿಲ್ಲದಿದ್ರೆ ಉಳಿದ ಅಂಕಿಗೆ ಅರ್ಥ ಇಲ್ಲ.

(4/8)
"ಕಂಪ್ರೆಸರಿನಲ್ಲೇ ರೆಗ್ಯುಲೇಟರ್ ಇದ್ಯಲ್ಲಮ್ಮ, ಅದನ್ನೇ ಪೂರ್ತಿ ಸಡಿಲ ಮಾಡಿದ್ರೆ ಆಯ್ತು." ಎರಡು ವಾರ ಆದ್ಮೇಲೆ ಮಾವ ಮೊದಲ ಸಲ ಈ ವಿಷಯ ಎತ್ತಿದಾಗ ಹೇಳಿದ್ದು ಇದು. ಅರ್ಧ ಸರಿ.

ರೆಗ್ಯುಲೇಟರ್ ಅಂದ್ರೆ ಬರೀ ವಾಲ್ವ್ ಅಲ್ಲ. ಒಳಗೊಂದು ರಬ್ಬರ್ ಡಯಾಫ್ರಂ, ಅದರ ಮೇಲೆ ಸ್ಪ್ರಿಂಗು. ಎಂಜಿನ್ ಕಡೆ ಒತ್ತಡ ಏರಿದ್ರೆ ಡಯಾಫ್ರಂ ಸ್ಪ್ರಿಂಗನ್ನ ತಳ್ಳಿ ಬಾಗಿಲು ಮುಚ್ಚುತ್ತೆ, ಇಳಿದ್ರೆ ತೆರೆಯುತ್ತೆ. ಎಂಜಿನ್ ನಿಂತಾಗ ಮುಚ್ಕೊಳ್ಳೋದು ಅದೊಂದೇ. ಇದು ಸರಿ.

ತೊಂದರೆ ಏನಂದ್ರೆ ಕಂಪ್ರೆಸರಿನ ಮೇಲೆ ಇರೋ ರೆಗ್ಯುಲೇಟರಿನ ಸ್ಪ್ರಿಂಗು 8-10 ಕೆಜಿವರೆಗೂ ತಡೆಯೋಕೆ ಮಾಡಿದ್ದು, ಬಹಳ ಗಟ್ಟಿ. ಕಾಲು ಕೆಜಿ ಬೇಕು ಅಂದ್ರೆ ಹಿಡಿಯನ್ನ ಬಹುತೇಕ ಪೂರ್ತಿ ಬಿಚ್ಚಿರಬೇಕು. ಅಲ್ಲಿ ಚೂರು ತಿರುಗಿಸಿದ್ರೆ ಒಂದೋ ಗಾಳಿಯೇ ಇಲ್ಲ, ಇಲ್ಲಾಂದ್ರೆ ಮುಕ್ಕಾಲು ಕೆಜಿ. ಇನ್ನೊಂದು ವಿಚಿತ್ರ, ನನಗೆ ಮೊದಲು ನಂಬೋಕೇ ಆಗ್ಲಿಲ್ಲ: ಟ್ಯಾಂಕ್ 8ರಿಂದ 6ಕ್ಕೆ ಇಳೀತಾ ಹೋದ್ರೆ ಈ ಕಡೆ ಒತ್ತಡ ಇಳಿಯಲ್ಲ, ಸ್ವಲ್ಪ ಏರುತ್ತೆ. ಸಾಮಾನ್ಯ ರೆಗ್ಯುಲೇಟರಿನಲ್ಲಿ ಒಳಗಿನ ಬಾಗಿಲನ್ನ ಮುಚ್ಚೋಕೆ ಟ್ಯಾಂಕಿನ ಗಾಳಿಯೂ ಸಹಾಯ ಮಾಡ್ತಿರುತ್ತೆ. ಟ್ಯಾಂಕ್ ಇಳಿದಾಗ ಆ ಸಹಾಯ ಕಮ್ಮಿ ಆಗುತ್ತೆ, ಬಾಗಿಲು ಚೂರು ಜಾಸ್ತಿ ತೆರ್ಕೊಳ್ಳುತ್ತೆ. 5 ಕೆಜಿಯಲ್ಲಿ ಬಣ್ಣ ಹೊಡೆಯೋರಿಗೆ ಇದು ಗೊತ್ತೂ ಆಗಲ್ಲ. ಕಾಲು ಕೆಜಿಯಲ್ಲಿ ಎಂಜಿನ್ ಓಡಿಸೋರಿಗೆ ವೇಗ ಏರ್ತಾ ಇಳೀತಾ ಕಣ್ಣಿಗೇ ಕಾಣುತ್ತೆ.

ಮೀಟರಿನ ಕಥೆ ಇನ್ನೂ ಕೆಟ್ಟದು. 0-10 ಕೆಜಿ ಮೀಟರ್, ನಿಖರತೆ 2.5 ಕ್ಲಾಸ್ ಅಂತ ಡಯಲ್ ಮೇಲೇ ಬರೆದಿರುತ್ತೆ. ಅಂದ್ರೆ ಪೂರ್ತಿ ಅಳತೆಯ ಶೇ. 2.5, ಕಾಲು ಕೆಜಿ ಆ ಕಡೆ ಈ ಕಡೆ ಹೋಗಬಹುದು. ನಮಗೆ ಬೇಕಿರೋದೇ ಕಾಲು ಕೆಜಿ! ಕೋಟಿ ವಹಿವಾಟಿನ ಬ್ಯಾಲೆನ್ಸ್ ಶೀಟಿನಲ್ಲಿ ಇನ್ನೂರು ರೂಪಾಯಿ ವ್ಯತ್ಯಾಸ ಬಂದ್ರೆ ಆಡಿಟರ್ ತಲೆ ಎತ್ತಲ್ಲ. ಪೆಟ್ಟಿ ಕ್ಯಾಶಿನಲ್ಲಿ ಇರೋದೇ ಇನ್ನೂರು ರೂಪಾಯಿ ಆದಾಗ ಆ ವ್ಯತ್ಯಾಸ ಬಂದ್ರೆ? ಇದೂ ಅದೇ.

(5/8)
ಹಾಗಾದ್ರೆ ಕಡಿಮೆ ಒತ್ತಡ ಅಳೆಯೋದು ಹೇಗೆ? ಇದು ಈ ಸರಣಿಯಲ್ಲೇ ನನಗೆ ಅತಿ ಇಷ್ಟದ ಭಾಗ.

1 ಕೆಜಿ ಒತ್ತಡ ಅಂದ್ರೆ 10 ಮೀಟರ್ ನೀರಿನ ಎತ್ತರ. ಹಾಗಾಗಿ 0.1 ಕೆಜಿ ಅಂದ್ರೆ 1 ಮೀಟರ್. ಗಾರೆ ಕೆಲಸದವರು ಮಟ್ಟ ನೋಡೋಕೆ ಇಟ್ಕೊಂಡಿರ್ತಾರಲ್ಲ ಲೆವೆಲ್ ಪೈಪು, ಅದನ್ನ ಅರ್ಧ ನೀರು ತುಂಬಿ ಯು ಆಕಾರದಲ್ಲಿ ಗೋಡೆಗೆ ಕಟ್ಟಿದ್ರೆ ಆಯ್ತು. ಒಂದು ತುದಿಗೆ ಗಾಳಿ, ಇನ್ನೊಂದು ತುದಿ ಖಾಲಿ. ಎರಡು ಕಡೆಯ ನೀರಿನ ಮಟ್ಟದ ವ್ಯತ್ಯಾಸವನ್ನ ಟೇಪಿನಲ್ಲಿ ಅಳೆದ್ರೆ ಅದೇ ಒತ್ತಡ. ಮೀಟರ್ ಸುಳ್ಳು ಹೇಳಬಹುದು, ಇದು ಹೇಳಲ್ಲ.

ಶೆಡ್ಡಿನ ಗೋಡೆಗೆ ಮೂರೂವರೆ ಮೀಟರ್ ಎತ್ತರಕ್ಕೆ ಕಟ್ಟಿದ್ವಿ. ನೀರು ಕಾಣ್ಲಿ ಅಂತ ಮಾವ ದೇವರ ಫೋಟೋ ಹತ್ರ ಇದ್ದ ಕುಂಕುಮ ಕಲಸಿದ್ರು. ಮೊದಲ ಸಲ ಹಿಡಿ ಜಾಸ್ತಿ ತಿರುಗಿಸಿ ಕೆಂಪು ನೀರೆಲ್ಲ ಮೇಲಿನ ತುದಿಯಿಂದ ಚಿಮ್ಮಿ ಕ್ಯಾಲೆಂಡರ್ ಮೇಲೆ ಬಿತ್ತು. (ಎಂಟನೇ ಪೋಸ್ಟಿನ ಫೋಟೋ ನೋಡಿ, ಆ ತಿಂಗಳ ಹಬ್ಬಗಳೆಲ್ಲ ಕೆಂಪು.) ಆದರೆ ಅದೂ ಒಂದು ಲಾಭವೇ. ಒತ್ತಡ ಮೀರಿದ್ರೆ ನೀರು ಹೊರಗೆ ಹೋಗಿ ಗಾಳಿಗೆ ದಾರಿ ಆಗುತ್ತೆ, ಎಂಜಿನ್ನಿಗೆ ಪೆಟ್ಟು ಬೀಳಲ್ಲ.

ಆಮೇಲೆ ಅಜ್ಜಿಯ ಹಳೇ ಬಿಪಿ ಮೆಷಿನ್ ನೆನಪಾಯ್ತು. ಕೈಗೆ ಕಟ್ಟೋ ಚೀಲ ಹರಿದಿತ್ತು, ಗಡಿಯಾರದಂಥ ಮೀಟರ್ ಚೆನ್ನಾಗಿತ್ತು. ಅದು 300 ಮಿಲಿಮೀಟರ್ ಪಾದರಸದವರೆಗೆ ತೋರಿಸುತ್ತೆ, ಅಂದ್ರೆ ಸುಮಾರು 0.4 ಕೆಜಿ. ನಮಗೆ ಹೇಳಿ ಮಾಡಿಸಿದ ಹಾಗೆ. ನೀರಿನ ವ್ಯತ್ಯಾಸ ಸರಿಯಾಗಿ 2 ಮೀಟರ್ ಇಟ್ಟು ನೋಡಿದ್ವಿ: ಲೆಕ್ಕದ ಪ್ರಕಾರ 147 ಬರಬೇಕು, ಮುಳ್ಳು 145ರಿಂದ 150ರ ನಡುವೆ ನಿಂತಿತ್ತು. ಅದೇ ಹೊತ್ತಿಗೆ ಕಂಪ್ರೆಸರಿನ ದೊಡ್ಡ ಮೀಟರ್ ನೋಡಿದ್ರೆ ಮುಳ್ಳು ಸೊನ್ನೆ ಬಿಟ್ಟು ಅಲ್ಲಾಡೇ ಇರ್ಲಿಲ್ಲ. ಮಾವ ಅದನ್ನ ಬೆರಳಲ್ಲಿ ಎರಡು ಸಲ ತಟ್ಟಿ ನೋಡಿದ್ರು, ಏನೂ ಮಾತಾಡ್ಲಿಲ್ಲ.

ಬಿಪಿ ಮೀಟರಿಗೆ 300 ಮೀರಿ ಕೊಟ್ರೆ ಕೆಟ್ಟೇ ಹೋಗುತ್ತೆ. ಅದಕ್ಕೆ ಅದರ ಮುಂದೆ ಒಂದು ಪುಟ್ಟ ಕಾಕ್ ಇದೆ, ನೋಡೋವಾಗ ಮಾತ್ರ ತೆರೀತೀವಿ.

(6/8)
ಈಗಿನ ಜೋಡಣೆ, ಗಾಳಿ ಹೋಗೋ ಕ್ರಮದಲ್ಲಿ. ಟ್ಯಾಂಕಿನಿಂದ ಹೊರಟ ತಕ್ಷಣ ನೀರು ಹಿಡಿಯೋ ಫಿಲ್ಟರ್. ಆಮೇಲೆ ಹಳೇ ರೆಗ್ಯುಲೇಟರ್, ಅದು 8ನ್ನ ಒಂದೂವರೆಗೆ ಇಳಿಸುತ್ತೆ. ಆಮೇಲೆ ಒಂದು ನೀಡಲ್ ವಾಲ್ವ್. ಅದರ ಮುಂದೆ ಹೊಸ ರೆಗ್ಯುಲೇಟರ್, ಮೆತ್ತನೆ ಸ್ಪ್ರಿಂಗಿನದು, 2 ಕೆಜಿವರೆಗೆ ಮಾತ್ರ. ಅದಾದ ಮೇಲೆ 1 ಕೆಜಿಗೆ ತೆರೆಯೋ ಸೇಫ್ಟಿ ವಾಲ್ವ್, ಮೀಟರ್, ಕೊನೆಗೆ ಎಂಜಿನ್. ಪೈಪಿನ ಎರಡೂ ತುದಿಗೆ ಕ್ಲಾಂಪ್.

"ಒಂದೇ ಕೆಲಸಕ್ಕೆ ಎರಡು ರೆಗ್ಯುಲೇಟರಾ? ಬಿಕಾಂ ಓದಿ ಹೀಗಾ ದುಡ್ಡು ಖರ್ಚು ಮಾಡ್ಸೋದು?" ಅಂದ್ರು. ನಾನು ಅವರದೇ ಗ್ಯಾಸ್ ವೆಲ್ಡಿಂಗ್ ಸೆಟ್ ತೋರಿಸಿದೆ. ತುಂಬಿದ ಆಕ್ಸಿಜನ್ ಸಿಲಿಂಡರಿನಲ್ಲಿ 150 ಕೆಜಿ ಆಸುಪಾಸು ಇರುತ್ತೆ, ಅದಕ್ಕೆ ಅವರು ಹಟ ಹಿಡಿದು ತಂದಿರೋದು ಡಬಲ್ ಸ್ಟೇಜ್ ರೆಗ್ಯುಲೇಟರ್. ಯಾಕೆ ಅಂತ ಕೇಳಿದ್ರೆ "ಸಿಲಿಂಡರ್ ಖಾಲಿ ಆಗ್ತಾ ಬಂದ್ರೂ ಜ್ವಾಲೆ ಅಲ್ಲಾಡಬಾರ್ದು" ಅಂದ್ರು. ಅಂದು ತಾವೇ ನಕ್ಕರು. ಟ್ಯಾಂಕಿನ ಏರಿಳಿತವನ್ನ ಮೊದಲನೇದು ನುಂಗುತ್ತೆ, ಎರಡನೇದಕ್ಕೆ ಯಾವಾಗಲೂ ಒಂದೂವರೆಯೇ ಕಾಣೋದು.

ಅಡುಗೆಮನೆಯ ಗ್ಯಾಸ್ ರೆಗ್ಯುಲೇಟರ್ ಕೂಡ ಇದೇ ಜಾತಿ, ಸಿಲಿಂಡರಿನ ಹಲವು ಕೆಜಿಯನ್ನ 0.03 ಕೆಜಿಗೆ ಇಳಿಸುತ್ತೆ. ದಯವಿಟ್ಟು ಅದನ್ನ ತಂದು ಕಂಪ್ರೆಸರಿಗೆ ಸಿಕ್ಕಿಸೋಕೆ ಹೋಗ್ಬೇಡಿ. ಎಂಜಿನ್ನಿಗೆ ಅದು ಸಾಲೋದೂ ಇಲ್ಲ, ಅದು ಆ ಕೆಲಸಕ್ಕೆ ಮಾಡಿದ್ದೂ ಅಲ್ಲ.

ನೀಡಲ್ ವಾಲ್ವ್ ಯಾಕೆ, ಅದನ್ನೇ ಇಷ್ಟು ಹೊತ್ತು ಬೈದ್ಯಲ್ಲ ಅಂತೀರಾ? ಅದಕ್ಕೂ ಒಂದು ಜಾಗ ಇದೆ. ರೆಗ್ಯುಲೇಟರ್ ಕೈ ಕೊಟ್ರೆ ಸೇಫ್ಟಿ ವಾಲ್ವ್ ಅಷ್ಟೂ ಗಾಳಿಯನ್ನ ಹೊರಗೆ ಬಿಡೋಕೆ ಆಗ್ಬೇಕು. ಬರೋ ಗಾಳಿಯೇ ಸಣ್ಣ ಸಂದಿಯಿಂದ ಬಂದ್ರೆ ಆಗುತ್ತೆ. ಒತ್ತಡ ಕಾಯೋ ಕೆಲಸ ಅದಕ್ಕೆ ಕೊಡಬಾರ್ದು, ಹರಿವು ಕಾಯೋ ಕೆಲಸ ಕೊಡಬಹುದು. ಮಾವ ಸೇಫ್ಟಿ ವಾಲ್ವ್ ಬದಲು ಕುಕ್ಕರ್ ವಿಸಿಲ್ ಹಾಕೋಣ ಅಂದಿದ್ರು. ಅದೂ ಸುಮಾರು 1 ಕೆಜಿಗೇ ಏಳೋದು, ನಿಜ. ಆದರೆ ಅದರ ತೂತು ಇಷ್ಟು ಗಾಳಿಗೆ ಸಾಲುತ್ತಾ ಅಂತ ನಮ್ಮಿಬ್ಬರಿಗೂ ಹೇಳೋಕೆ ಬರಲ್ಲ, ಮತ್ತೆ ಅತ್ತೆ ಕೊಡ್ತಾನೂ ಇರ್ಲಿಲ್ಲ.

ಹೊಸ ರೆಗ್ಯುಲೇಟರ್ ತಗೊಳ್ಳೋವಾಗ ಅಂಗಡಿಯಲ್ಲಿ ಒಂದು ಕೇಳಿ: ಹಿಡಿ ಸಡಿಲ ಮಾಡಿದಾಗ ಈ ಕಡೆ ತುಂಬಿರೋ ಗಾಳಿಯನ್ನ ಅದೇ ಹೊರಗೆ ಬಿಡುತ್ತಾ? ಬಿಡೋದನ್ನೇ ತಗೊಳ್ಳಿ. ಬಿಡದೇ ಇರೋದ್ರಲ್ಲಿ ನೀವು ಹಿಡಿ ಇಳಿಸಿದ್ರೂ ಒತ್ತಡ ಅಲ್ಲೇ ಕೂತಿರುತ್ತೆ.

(7/8)
ಎಲ್ಲ ಜೋಡಿಸಿ, 0.3ಕ್ಕೆ ಇಟ್ಟು, ಮಾವ ಕಾಕ್ ತೆರೆದ್ರು. ಎಂಜಿನ್ ಓಡ್ಲಿಲ್ಲ.

ಕೈಯಲ್ಲಿ ಚಕ್ರ ತಿರುಗಿಸಿದ್ರೆ ಅರ್ಧ ಸುತ್ತು ಹೋಗಿ ನಿಲ್ಲೋದು. ಅಷ್ಟು ದಿನ ಚಕಚಕ ಓಡಿದ ಎಂಜಿನ್ನು! ಮಾವನ ಮುಖ ನೋಡೋಕೆ ಆಗ್ಲಿಲ್ಲ. "ನಿನ್ನ ರೆಗ್ಯುಲೇಟರೇ ಸರಿ ಇಲ್ಲ" ಅಂದ್ರು. ಲೆವೆಲ್ ಪೈಪಿನಲ್ಲಿ ಸರಿಯಾಗಿ ಮೂರು ಮೀಟರ್ ಇತ್ತು.

ಇಲ್ಲೇ ನನ್ನ ಅಭಿಪ್ರಾಯದ ಇನ್ನೊಂದು ಅರ್ಧ ಇದೆ, ಬಹಳ ಜನ ಒಪ್ಪಲ್ಲ ಅಂತ ಗೊತ್ತು. ಜಾಸ್ತಿ ಒತ್ತಡ ಕೊಟ್ಟು ಮಾಡೆಲ್ ಓಡಿಸೋದು ಗ್ರೇಸ್ ಮಾರ್ಕ್ಸ್ ಕೊಟ್ಟು ಪಾಸ್ ಮಾಡಿಸಿದ ಹಾಗೆ. ಎಲ್ಲಿ ಬಿಗಿ ಇದೆ, ಎಲ್ಲಿ ಸೋರ್ತಿದೆ, ಏನೂ ಗೊತ್ತಾಗಲ್ಲ, ಗಾಳಿ ಎಲ್ಲವನ್ನೂ ತಳ್ಕೊಂಡು ಹೋಗುತ್ತೆ. ರೀಲ್ಸ್‌ನಲ್ಲಿ ಚಕ್ರದ ಕಡ್ಡಿ ಕಾಣದಷ್ಟು ಜೋರಾಗಿ ಓಡಿಸಿದ್ರೆ ವ್ಯೂಸ್ ಬರುತ್ತೆ, ಒಪ್ತೀನಿ. ಆದರೆ ಕೆಲಸದ ಗುಣ ಕಾಣೋದು ಎಷ್ಟು ಕಮ್ಮಿ ಒತ್ತಡದಲ್ಲಿ, ಎಷ್ಟು ನಿಧಾನವಾಗಿ, ನಿಲ್ಲದೆ ತಿರುಗುತ್ತೆ ಅನ್ನೋದ್ರಲ್ಲಿ.

ಮಾವ ಬಿಚ್ಚಿದ್ರು. ಪಿಸ್ಟನ್ ರಾಡ್ ಹೊರಗೆ ಬರೋ ಜಾಗದ ಗ್ಲ್ಯಾಂಡ್ ನಟ್ಟನ್ನ ಗಾಳಿ ಸೋರದಿರ್ಲಿ ಅಂತ ಹಿಂಡಿ ಬಿಗಿ ಮಾಡಿದ್ರು, ಒಳಗಿನ ಗ್ರಾಫೈಟ್ ದಾರ ರಾಡನ್ನ ಕಚ್ಕೊಂಡಿತ್ತು. ಇನ್ನೊಂದು ತಪ್ಪು ಸ್ಲೈಡ್ ವಾಲ್ವಿನಲ್ಲಿ. ಅದು ಗಾಳಿಯ ಒತ್ತಡದಿಂದಲೇ ತನ್ನ ಪೀಠಕ್ಕೆ ಅಂಟಿಕೊಳ್ಳೋ ಭಾಗ. ಜಾಸ್ತಿ ಒತ್ತಡದಲ್ಲಿ ಚೂರು ಸೊಟ್ಟ ಇದ್ರೂ ಒತ್ತಿ ಕೂತ್ಕೊಂಡು ಕೆಲಸ ಮಾಡಿಬಿಡುತ್ತೆ, ಕಮ್ಮಿ ಒತ್ತಡದಲ್ಲಿ ಸೋರುತ್ತೆ. ಮಾವ ದಪ್ಪ ಗಾಜಿನ ಮೇಲೆ ನಯವಾದ ಎಮರಿ ಪೇಪರ್ ಹಾಸಿ, ನೀರು ಹಾಕಿ, ವಾಲ್ವನ್ನ ಎಂಟರ ಆಕಾರದಲ್ಲಿ ಉಜ್ಜುತ್ತಾ ಕೂತ್ರು. ಎರಡು ಸಂಜೆ. ಅವರ ಬಲಗಣ್ಣಿಗೆ ಪೊರೆ ಬರ್ತಿದೆ, ಮೇಲ್ಮೈ ಮಟ್ಟಸ ಆಯ್ತಾ ಅಂತ ಹುಡುಗನೇ ಬೆಳಕಿಗೆ ಹಿಡಿದು ನೋಡಿ ಹೇಳ್ತಿದ್ದ. "ಇನ್ನೂ ಈ ಮೂಲೆ ಹೊಳೀತಿಲ್ಲ ಸಾರ್."

ಈಗ 0.2ಕ್ಕೆ ಓಡುತ್ತೆ. ಒಂದೊಂದು ಸುತ್ತೂ ಎಣಿಸಬಹುದು.

(8/8)
ಎರಡು ಮಾತು ಬಾಕಿ ಇದೆ.

ಗಾಳಿಯಲ್ಲಿ ಓಡಿಸುವಾಗ ಎಣ್ಣೆ ಮರೀಬೇಡಿ. ಹಬೆಯಲ್ಲಾದ್ರೆ ಒಳಗೆ ತೇವ ಇರುತ್ತೆ, ಒಣಗಾಳಿಯಲ್ಲಿ ಲೋಹಕ್ಕೆ ಲೋಹ ಉಜ್ಜುತ್ತೆ. ಹೊಲಿಗೆ ಮೆಷಿನ್ನಿನ ತೆಳು ಎಣ್ಣೆ ಎರಡು ಹನಿ ಸಾಕು. ಮಳೆಗಾಲದಲ್ಲಿ ಟ್ಯಾಂಕಿನ ಕೆಳಗಿನ ನಲ್ಲಿ ತೆರೆದು ನೀರು ಬಿಡ್ತಾ ಇರಿ.

ಮತ್ತೆ, ಎಂಜಿನ್ ಆಯ್ತು ಇನ್ನು ಬಾಯ್ಲರ್ ಮಾಡೋಣ ಅನ್ನೋರು ಅದನ್ನ ಟೆಸ್ಟ್ ಮಾಡೋಕೆ ಕಂಪ್ರೆಸರ್ ಗಾಳಿ ತುಂಬಬೇಡಿ. ಟೆಸ್ಟ್ ಮಾಡೋದು ನೀರು ತುಂಬಿ, ಕೈ ಪಂಪಿನಲ್ಲಿ. ನೀರು ಹಿಂಡೋದಿಲ್ಲ, ಬಿರುಕು ಬಿಟ್ರೆ ಸೋರಿ ನಿಲ್ಲುತ್ತೆ. ಗಾಳಿ ಹಿಂಡಿಕೊಂಡು ಕೂತಿರುತ್ತೆ, ಬಿರುಕು ಬಿಟ್ರೆ ಸಿಡಿಯುತ್ತೆ. ಇದರಲ್ಲಿ ಅಭಿಪ್ರಾಯ ಅನ್ನೋದೇ ಇಲ್ಲ.

"ಇಷ್ಟೆಲ್ಲ ಒಂದು ಆಟದ ಸಾಮಾನಿಗಾ?" ಅಂತ ನಮ್ಮಮ್ಮ ಕೇಳಿದ್ರು. ನೀವೂ ಕೇಳ್ತೀರ. 25 ಕೆಜಿ ತಳ್ಳೋದು ಆಟದ ಸಾಮಾನಲ್ಲ, ಅಷ್ಟೇ ನನ್ನ ಉತ್ತರ.

ಹೋದ ಶನಿವಾರ ಹುಡುಗನೇ ಚಕ್ರಕ್ಕೆ ಬೆರಳಿಟ್ಟು ನಿಲ್ಲಿಸಿದ, ಯಾರೂ ಹೇಳದೆ. ನಾವೆಲ್ಲ ಮೀಟರ್ ನೋಡಿದ್ವಿ. 150ರಲ್ಲಿದ್ದ ಮುಳ್ಳು 165ಕ್ಕೆ ಹೋಗಿ ನಿಂತಿತು. ಅವನು ಮನಸ್ಸಲ್ಲೇ ಹತ್ತು ಎಣಿಸಿದ, ತುಟಿ ಅಲ್ಲಾಡ್ತಿತ್ತು. 165. ಬೆರಳು ತೆಗೆದ, ಎಂಜಿನ್ ತಾನಾಗೇ ಹೊರಟಿತು.

ಆಮೇಲೆ ನಾನು ಬಿಲ್ ಬರೆಯೋಕೆ ಕೂತೆ. ರೆಗ್ಯುಲೇಟರು, ಸೇಫ್ಟಿ ವಾಲ್ವು, ಕ್ಲಾಂಪು ಎಲ್ಲ ಮಾವನ ಸ್ವಂತ ಹವ್ಯಾಸಕ್ಕೆ, ವರ್ಕ್‌ಶಾಪ್ ಖರ್ಚಿಗೆ ಹಾಕೋಕೆ ಬರಲ್ಲ, ಡ್ರಾಯಿಂಗ್ಸ್‌ಗೆ ಹಾಕ್ತೀನಿ, ಜಿಎಸ್‌ಟಿ ಕ್ರೆಡಿಟ್ಟೂ ತಗೊಳ್ಳೋ ಹಾಗಿಲ್ಲ ಅಂದೆ. ಸರಿ ಅಂತ ತಲೆ ಆಡಿಸಿದ್ರು. ಕೊನೇ ಬಿಲ್ಲು ಸೇಫ್ಟಿ ಕನ್ನಡಕದ್ದು, ನಾಲ್ಕು ಜೊತೆ. ಅದನ್ನೂ ಡ್ರಾಯಿಂಗ್ಸ್‌ಗಾ ಅಂತ ಕೇಳಿದೆ.

"ಅದು ವರ್ಕ್‌ಶಾಪ್ ಖರ್ಚು ಪುಟ್ಟಿ. ಹತ್ತು ವರ್ಷದ ಹಿಂದೆನೇ ಬರೀಬೇಕಾಗಿತ್ತು."